ಕ್ರೈಸ್ತ ಧರ್ಮಗ್ರಂಥದಲ್ಲಿ ದೇವಪುತ್ರತ್ವ

ಯೇಸು ಕ್ರಿಸ್ತನು ದೇವರ ಮಗನೆಂಬುದು ಕ್ರೈಸ್ತ ವಿಶ್ವಾಸದ ಮೂಲತತ್ತ್ವಗಳಲ್ಲೊಂದು. ಆತನಲ್ಲಿ ನಂಬಿಕೆಯಿಟ್ಟವರೂ ದೇವರ ಮಕ್ಕಳೆನಿಸಿಕೊಳ್ಳುತ್ತಾರೆಂಬುದು ಅದರೊಡನೆ ಹೆಣೆದುಕೊಂಡಿರುವ ಇನ್ನೊಂದು ಮಾತು. ಇವೆರಡಕ್ಕೂ ಆಧಾರವಾದ ವಚನಗಳು ಹಳೆಯ ಒಡಂಬಡಿಕೆಯಲ್ಲಿಯೂ ಹೊಸ ಒಡಂಬಡಿಕೆಯಲ್ಲಿಯೂ ಚದುರಿಕೊಂಡಿದ್ದು, ಅನೇಕ ಶತಮಾನಗಳ ಅಂತರದಲ್ಲಿ ಭಿನ್ನಭಿನ್ನ ಲೇಖಕರ ಕೈಯಿಂದ ಹೊರಟವುಗಳಾದ್ದರಿಂದ, ಅವುಗಳಿಂದ ಏಕರೂಪವಾದ ಸಿದ್ಧಾಂತವೊಂದನ್ನು ನೇರವಾಗಿ ತೆಗೆಯುವುದು ಸುಲಭಸಾಧ್ಯವಲ್ಲ. ಕ್ರಿ.ಶ. 325ರಲ್ಲಿ ನೀಕೇಯ ನಗರದ ಧರ್ಮಸಭೆ ನಿಷ್ಕರ್ಷಿಸಿದ ಅರ್ಥವನ್ನು ಹಿಂದಿನ ಪ್ರತಿಯೊಂದು ವಚನದ ಮೇಲೂ ಆರೋಪಿಸಿ ಓದುವ ಪದ್ಧತಿ ಸಂಪ್ರದಾಯಸ್ಥರಲ್ಲುಂಟು. ದೇವಪುತ್ರನೆಂಬ ಹೆಸರು ಪ್ರಾಚೀನ ಪೌರಸ್ತ್ಯರ ಗೌರವದ ಬಿರುದಲ್ಲದೆ ಬೇರೇನೂ ಅಲ್ಲವೆಂದು ಮಾತು ಮುಗಿಸುವ ಪದ್ಧತಿ ಕೆಲವು ವಿಮರ್ಶಕರಲ್ಲುಂಟು. ಮೂಲಪಾಠವನ್ನು ಸಾವಧಾನದಿಂದ ಓದುವವನಿಗೆ ಎರಡೂ ಅವಸರದ ದಾರಿಗಳಾಗಿ ಕಾಣುತ್ತವೆ. ಮಗನೆಂಬ ಮಾತು ಬರುವ ಬಹುತೇಕ ಸ್ಥಳಗಳಲ್ಲಿ ಹುಟ್ಟಿನ ಪ್ರಶ್ನೆಗಿಂತ ಮುಂದಾಗಿ ಎರಡು ಸಂಗತಿಗಳು ನಿಲ್ಲುತ್ತವೆ: ಮಗನು ತಂದೆಯ ಮಾತನ್ನು ನಡೆಸತಕ್ಕವನು, ಮತ್ತು ತಂದೆಯ ಸೊತ್ತಿಗೆ ಬಾಧ್ಯನಾದವನು.

ಈ ಲಕ್ಷಣಕ್ಕೆ ಹೊರತಾದ, ಪ್ರಾಯಶಃ ಅತ್ಯಂತ ಪುರಾತನವಾದ ಪ್ರಯೋಗವೊಂದು ಹೀಬ್ರೂ ಗ್ರಂಥದಲ್ಲಿ ಉಳಿದುಕೊಂಡಿದೆ. ಆದಿಕಾಂಡದ 6ನೆಯ ಅಧ್ಯಾಯದಲ್ಲಿ ಮನುಷ್ಯಪುತ್ರಿಯರನ್ನು ವರಿಸುವ ದೇವಪುತ್ರರೂ, ಯೋಬನ ಗ್ರಂಥದ ಆರಂಭದಲ್ಲಿ ಸೈತಾನನನ್ನೂ ಒಳಗೊಂಡು ಯೆಹೋವನ ಸನ್ನಿಧಿಯಲ್ಲಿ ಓಲಗಕ್ಕೆ ನೆರೆಯುವ ದೇವಪುತ್ರರೂ ಮನುಷ್ಯರಲ್ಲ, ದಿವ್ಯಸಭೆಯ ಸದಸ್ಯರು. ಸಿರಿಯದ ಕರಾವಳಿಯ ಉಗರಿತ್ ಎಂಬ ಪ್ರಾಚೀನ ಪಟ್ಟಣದಲ್ಲಿ 1929ರಿಂದ ನಡೆದ ಉತ್ಖನನದಲ್ಲಿ ದೊರೆತ ಮಣ್ಣಿನ ಫಲಕಗಳು ಏಲ್ ದೇವನ ಪತ್ನಿಗೆ ಎಪ್ಪತ್ತು ಮಂದಿ ಮಕ್ಕಳೆಂದು ಹೇಳುತ್ತವಾದ್ದರಿಂದ, ಇಸ್ರಾಯೇಲ್ಯರ ನೆರೆಹೊರೆಯಲ್ಲಿ ಇಂತಹ ಕಲ್ಪನೆ ಬಳಕೆಯಲ್ಲಿದ್ದುದು ನಿಸ್ಸಂದೇಹ. ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದ 8ನೆಯ ವಚನದಲ್ಲಿ ಪರಾತ್ಪರನು ಜನಾಂಗಗಳ ಎಲ್ಲೆಗಳನ್ನು ಇಸ್ರಾಯೇಲನ ಮಕ್ಕಳ ಸಂಖ್ಯೆಗನುಸಾರವಾಗಿ ಗೊತ್ತುಮಾಡಿದನೆಂದು ರೂಢಿಯ ಹೀಬ್ರೂ ಪಾಠದಲ್ಲಿದ್ದರೆ, ಮೃತಸಮುದ್ರದ ತೀರದ ಕುಮ್ರಾನಿನ ನಾಲ್ಕನೆಯ ಗವಿಯಲ್ಲಿ ಸಿಕ್ಕಿದ ಚರ್ಮದ ತುಣುಕೊಂದರಲ್ಲಿ ದೇವಪುತ್ರರ ಸಂಖ್ಯೆಗನುಸಾರವಾಗಿ ಎಂದಿದೆ. ಏಕದೇವವಾದ ಬಿಗಿಯಾದ ಕಾಲದಲ್ಲಿ ಲಿಪಿಕಾರನೊಬ್ಬನು ಆ ಮಾತಿಗೆ ಅಳುಕಿ ತಿದ್ದಿರಬೇಕೆಂಬ ಊಹೆ ಬಹುಮಂದಿ ವಿದ್ವಾಂಸರಿಗೆ ಒಪ್ಪಿಗೆಯಾಗಿದೆ.

ಎರಡನೆಯ ಪ್ರಯೋಗದಲ್ಲಿ ಮಗನೆಂದರೆ ಒಂದು ಇಡೀ ಜನಾಂಗ. ವಿಮೋಚನಕಾಂಡದ 4ನೆಯ ಅಧ್ಯಾಯದಲ್ಲಿ ಮೋಶೆಯು ಫರೋಹನ ಮುಂದೆ ಹೇಳಬೇಕಾದ ಸಂದೇಶದ ತಿರುಳು, ಇಸ್ರಾಯೇಲ್ ಯೆಹೋವನ ಚೊಚ್ಚಲ ಮಗನೆಂಬುದು. ಆ ಮಗನನ್ನು ಆರಾಧನೆಗಾಗಿ ಕಳುಹಿಸದೆ ಹೋದರೆ ಫರೋಹನ ಚೊಚ್ಚಲು ಮಗ ಸಾಯುವನೆಂಬುದು ಅದರ ಬೆದರಿಕೆ. ದಾಸ್ಯದ ಜನಕ್ಕೆ ಪುತ್ರನೆಂಬ ಪದವಿ ಬಂದದ್ದು ಅವರ ವಂಶದ ಹಿರಿಮೆಯಿಂದಲ್ಲ, ಆರಿಸಿಕೊಂಡವನ ಇಚ್ಛೆಯಿಂದ. ಪ್ರವಾದಿಗಳ ಬಾಯಲ್ಲಿ ಇದೇ ಪದವಿ ದೂಷಣೆಯ ಆಧಾರವಾಗುತ್ತದೆ: ಸಾಕಿ ಸಲಹಿದ ಮಕ್ಕಳು ತಿರುಗಿಬಿದ್ದರೆಂದು ಯೆಶಾಯನ ಗ್ರಂಥ ತನ್ನ ಮೊದಲ ಅಧ್ಯಾಯದಲ್ಲಿಯೇ ಭೂಮ್ಯಾಕಾಶಗಳನ್ನು ಸಾಕ್ಷಿಗೆ ಕರೆಯುತ್ತದೆ. ಆದರೆ ಈ ಬಗೆಯ ವಚನಗಳಲ್ಲೆಲ್ಲ ಹೋಶೇಯನ 11ನೆಯ ಅಧ್ಯಾಯಕ್ಕೆ ಸಮನಾದುದಿಲ್ಲ. ಎಳೆಯ ಎಫ್ರಾಯೀಮನಿಗೆ, ಎಂದರೆ ಇಸ್ರಾಯೇಲಿಗೆ, ಕೈಹಿಡಿದು ನಡಿಗೆ ಕಲಿಸಿದ ತಂದೆ, ಮಗನ ದ್ರೋಹವನ್ನು ಎಣಿಸಿ ಶಿಕ್ಷೆಯನ್ನು ವಿಧಿಸುವ ಹೊತ್ತಿಗೆ ಸರಿಯಾಗಿ ಅವನನ್ನು ಬಿಟ್ಟುಕೊಡಲಾರದೆ ತನ್ನೊಳಗೇ ತಳಮಳಗೊಳ್ಳುವುದನ್ನು ಆ ಪ್ರವಾದಿ ಚಿತ್ರಿಸಿದ್ದಾನೆ. ಆಜ್ಞೋಲ್ಲಂಘನೆ ಮಾಡುವ ಹಟಮಾರಿ ಮಗನನ್ನು ಊರವರು ಕಲ್ಲೆಸೆದು ಕೊಲ್ಲಬೇಕೆಂಬ ಕಟ್ಟಳೆ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದಲ್ಲಿರುವುದನ್ನು ಬಲ್ಲವರಿಗೆ ಈ ತಳಮಳದ ತೂಕ ತಿಳಿಯುತ್ತದೆ.

ಮೂರನೆಯದು ರಾಜನ ಪುತ್ರತ್ವ; ಕ್ರೈಸ್ತ ಸಿದ್ಧಾಂತಕ್ಕೆ ಅತ್ಯಂತ ಸಮೀಪದ ಬೇರು ಇದೇ. ದೇವದಾರುಮರದ ಅರಮನೆಯಲ್ಲಿ ವಾಸವಾಗಿದ್ದ ದಾವೀದನು ದೇವರ ಮಂಜೂಷಕ್ಕೂ ಒಂದು ಆಲಯ ಕಟ್ಟಿಸಬೇಕೆಂದು ಸಂಕಲ್ಪಿಸಿದಾಗ, ಪ್ರವಾದಿ ನಾಥಾನನ ಮುಖಾಂತರ ಬಂದ ವಾಣಿ ಆ ಸಂಕಲ್ಪವನ್ನು ತಡೆದು, ಅವನ ಸಂತತಿಯವನೊಬ್ಬನ ಸಿಂಹಾಸನ ಶಾಶ್ವತವಾಗುವುದೆಂದೂ, ದೇವರು ಅವನಿಗೆ ತಂದೆಯೂ ಅವನು ದೇವರಿಗೆ ಮಗನೂ ಆಗುವರೆಂದೂ, ಅವನು ತಪ್ಪಿದರೆ ಮನುಷ್ಯರ ಬೆತ್ತದಿಂದ ಶಿಕ್ಷೆಯಾದರೂ ಕೃಪೆ ಅವನನ್ನು ಬಿಟ್ಟುಹೋಗದೆಂದೂ ವಾಗ್ದಾನ ಮಾಡಿತು. ಇದು 2 ಸಮುವೇಲದ 7ನೆಯ ಅಧ್ಯಾಯದ ವೃತ್ತಾಂತ. ಅದೇ ವಾಣಿಯನ್ನು ಮರಳಿ ಬರೆದ ಪೂರ್ವಕಾಲವೃತ್ತಾಂತದ ಲೇಖಕನು ಬೆತ್ತದ ಮಾತನ್ನು ಸದ್ದಿಲ್ಲದೆ ಕೈಬಿಟ್ಟಿದ್ದಾನೆ. ಅವನ ಕಾಲಕ್ಕೆ ಆ ಮಗನು ತಪ್ಪು ಮಾಡಬಹುದಾದ ಒಬ್ಬ ಅರಸನಾಗಿರದೆ, ಎದುರುನೋಡತಕ್ಕ ಆದರ್ಶವಾಗಿದ್ದನೆಂದು ತೋರುತ್ತದೆ. 2ನೆಯ ಕೀರ್ತನೆಯಲ್ಲಿ ಅಭಿಷಿಕ್ತನಾದ ಅರಸನಿಗೆ ದೇವರು ಈ ದಿನವೇ ಅವನನ್ನು ಪಡೆದಿರುವುದಾಗಿ ಸಾರುತ್ತಾನೆ. ಆ ದಿನ ಪಟ್ಟಾಭಿಷೇಕದ ದಿನವೇ ಹೊರತು ಪ್ರಸವದ ದಿನವಲ್ಲ. ಐಗುಪ್ತದ ಅರಸರು ತಮ್ಮನ್ನು ಸೂರ್ಯದೇವ ರೇಯ ಪುತ್ರರೆಂದು ಕರೆದುಕೊಂಡರು. ದೇರ್ ಎಲ್-ಬಹ್ರಿಯ ದೇಗುಲದ ಗೋಡೆಯ ಮೇಲೆ ರಾಣಿ ಹತ್ಶೆಪ್ಸುತಳ ತಾಯಿಯ ಬಳಿಗೆ ಅಮೂನ್ ದೇವನು ಬರುವ ಪ್ರಸಂಗ ಸವಿಸ್ತಾರವಾಗಿ ಕೆತ್ತಲ್ಪಟ್ಟಿದೆ. ಯೆರೂಸಲೇಮಿನ ಕೀರ್ತನಕಾರನು ಅದೇ ಬಿರುದನ್ನು ಬಳಸಿದರೂ ಅರಸನ ತಾಯಿಯ ಮಾತನ್ನೇ ಎತ್ತುವುದಿಲ್ಲ.

ಸುಮಾರು ಕ್ರಿ.ಪೂ. 587ರಲ್ಲಿ ಬಾಬೆಲಿನವರು ಯೆರೂಸಲೇಮನ್ನು ಸುಟ್ಟರು. ದಾವೀದನ ಸಿಂಹಾಸನ ಬರಿದಾಯಿತು, ವಾಗ್ದಾನ ಮಾತ್ರ ಗ್ರಂಥದಲ್ಲಿ ಉಳಿಯಿತು. ಅರಸನಿಲ್ಲದ ಜನ ಅರಸನ ಕೀರ್ತನೆಗಳನ್ನು ಹಾಡುತ್ತಲೇ ಬಂದುದರಿಂದ ಅವುಗಳ ಅರ್ಥ ಭವಿಷ್ಯತ್ತಿಗೆ ತಿರುಗಿತು. ಕುಮ್ರಾನಿನ ಒಂದು ವ್ಯಾಖ್ಯಾನ ನಾಥಾನನ ವಾಣಿಯ ಮಗನನ್ನು ಅಂತ್ಯಕಾಲದಲ್ಲಿ ಏಳುವ ದಾವೀದನ ಚಿಗುರೆಂದು ಬಿಡಿಸಿ ಹೇಳುತ್ತದೆ. ಅಲ್ಲಿಯದೇ ಆದ ಅರಮಾಯಿಕ್ ಭಾಷೆಯ ತುಣುಕೊಂದರಲ್ಲಿ ದೇವರ ಮಗ, ಪರಾತ್ಪರನ ಮಗ ಎಂಬ ಎರಡು ಹೆಸರುಗಳೂ ಒಬ್ಬನಿಗೇ ಸಲ್ಲುತ್ತವೆ. ಅವನು ಬರಲಿರುವ ಮೆಸ್ಸೀಯನೋ, ಆ ಹೆಸರನ್ನು ಅಪಹರಿಸಿದ ಪರದೇಶದ ಅರಸನೋ ಎಂಬ ವಾದ ಇನ್ನೂ ತೀರಿಲ್ಲವಾದರೂ, ಯೇಸುವಿಗೆ ಹಿಂದೆಯೇ ಪ್ಯಾಲೆಸ್ಟೈನಿನ ಯೆಹೂದ್ಯರು ಈ ಮಾತನ್ನು ಬಳಸುತ್ತಿದ್ದರೆಂಬುದು ಮಾತ್ರ ಸ್ಥಿರಪಟ್ಟಿದೆ. ದೇವಪುತ್ರನೆಂಬ ಆರಾಧನಾಭಾವ ಗ್ರೀಕ್ ಮಣ್ಣಿನಲ್ಲಿ ಬೆಳೆದುದೆಂದು 1913ರ ತನ್ನ ಗ್ರಂಥದಲ್ಲಿ ವಾದಿಸಿದ ವಿಲ್ಹೆಲ್ಮ್ ಬೂಸೆಟನ ಮತ ಇದರಿಂದ ಬಹಳ ದುರ್ಬಲವಾಗಿದೆ.

ಹೊಸ ಒಡಂಬಡಿಕೆಯಲ್ಲಿ ಅತ್ಯಂತ ಹಳೆಯ ಸಾಕ್ಷ್ಯ ಸುವಾರ್ತೆಗಳದಲ್ಲ, ಪೌಲನ ಪತ್ರಗಳದು. ಸುಮಾರು ಕ್ರಿ.ಶ. 57ರಲ್ಲಿ ರೋಮಾಪುರದವರಿಗೆ ಬರೆದ ಪತ್ರದ ಪೀಠಿಕೆಯಲ್ಲಿ ಅವನು ಶರೀರಸಂಬಂಧದಲ್ಲಿ ದಾವೀದನ ವಂಶದವನಾದ ಯೇಸು ಸತ್ತವರೊಳಗಿಂದ ಎದ್ದುದರಿಂದ ಬಲಸಹಿತನಾದ ದೇವಪುತ್ರನೆಂದು ನಿಯಮಿಸಲ್ಪಟ್ಟನೆನ್ನುತ್ತಾನೆ. ಇದು ಅವನಿಗಿಂತ ಹಿಂದಿನ ವಿಶ್ವಾಸಸೂತ್ರವಿರಬೇಕೆಂದು ಹಲವರ ಅಭಿಪ್ರಾಯ. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದ ಉಪನ್ಯಾಸವೂ 2ನೆಯ ಕೀರ್ತನೆಯ ಪಟ್ಟಾಭಿಷೇಕದ ದಿನವನ್ನು ಪುನರುತ್ಥಾನಕ್ಕೆ ಅನ್ವಯಿಸುತ್ತದೆ. ಇಲ್ಲಿಂದ ಹೊರಟು, ಮಾರ್ಕನಲ್ಲಿ ಪುತ್ರತ್ವ ಸ್ನಾನಸಂಸ್ಕಾರಕ್ಕೂ, ಮತ್ತಾಯ ಲೂಕರಲ್ಲಿ ಗರ್ಭಧಾರಣೆಗೂ, ಯೋಹಾನನಲ್ಲಿ ಸೃಷ್ಟಿಗೆ ಪೂರ್ವಕ್ಕೂ ಸರಿಯುತ್ತ ಹೋಯಿತೆಂದು ಸೋಪಾನಕ್ರಮವನ್ನು ಕಟ್ಟುವವರಿದ್ದಾರೆ. ಸೋಪಾನ ನೋಡುವುದಕ್ಕೆ ಅಂದವಾಗಿದೆ. ಆದರೆ ಅದರ ಮೊದಲ ಮೆಟ್ಟಿಲ ಮೇಲೆ ನಿಲ್ಲಬೇಕಾದ ಪೌಲನೇ ಗಲಾತ್ಯದವರಿಗೆ ಬರೆಯುತ್ತ, ಕಾಲ ಪರಿಪೂರ್ಣವಾದಾಗ ದೇವರು ತನ್ನ ಮಗನನ್ನು ಕಳುಹಿಸಿದನೆನ್ನುತ್ತಾನೆ. ಕಳುಹಿಸಲ್ಪಡುವವನು ಕಳುಹಿಸುವ ಮೊದಲೇ ಇರಬೇಕಷ್ಟೆ. ಎರಡು ಬಗೆಯ ನುಡಿಗಳೂ ಒಂದೇ ತಲೆಮಾರಿನಲ್ಲಿ, ಒಬ್ಬನೇ ಲೇಖಕನಲ್ಲಿ ಜೊತೆಯಾಗಿದ್ದುವೆಂದು ಒಪ್ಪಿಕೊಳ್ಳದೆ ಗತ್ಯಂತರವಿಲ್ಲ.

ಸುವಾರ್ತೆಗಳಲ್ಲಿ ಮಾರ್ಕನ ಕಥನ ಈ ದೃಷ್ಟಿಯಿಂದ ವಿಶೇಷ ಪರಿಶೀಲನೆಗೆ ಅರ್ಹವಾದುದು. ಯೊರ್ದನ್ ಹೊಳೆಯಲ್ಲಿ ಮುಳುಗಿ ಏಳುತ್ತಿದ್ದ ಯೇಸು ಆಕಾಶ ಹರಿಯುವುದನ್ನು ಕಂಡು, ತಾನು ಪ್ರಿಯನಾದ ಮಗನೆಂಬ ವಾಣಿಯನ್ನು ಕೇಳುತ್ತಾನೆ. ಆ ವಾಣಿಯಲ್ಲಿ 2ನೆಯ ಕೀರ್ತನೆಯ ಅರಸನೂ ಯೆಶಾಯನ 42ನೆಯ ಅಧ್ಯಾಯದ ಸೇವಕನೂ ಒಂದಾಗಿದ್ದಾರೆ. ಬಳಿಕ ಈ ರಹಸ್ಯ ದೆವ್ವಗಳಿಗೆ ಗೊತ್ತು, ಮನುಷ್ಯರಿಗೆ ಗೊತ್ತಿಲ್ಲ; ದೆವ್ವಗಳು ಕೂಗಿ ಹೇಳಿದರೆ ಯೇಸು ಅವುಗಳ ಬಾಯಿ ಕಟ್ಟುತ್ತಾನೆ. 12ನೆಯ ಅಧ್ಯಾಯದಲ್ಲಿ ಎರಡು ಪ್ರಸಂಗಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದು ದ್ರಾಕ್ಷಾತೋಟದ ಒಕ್ಕಲಿಗರ ಸಾಮ್ಯ: ಗುತ್ತಿಗೆಯ ಫಲವನ್ನು ಕೇಳಲು ಬಂದ ಆಳುಗಳನ್ನು ಹೊಡೆದಟ್ಟಿದ ಒಕ್ಕಲಿಗರು ಕಡೆಗೆ ಬಂದ ಪ್ರಿಯಪುತ್ರನನ್ನು ಬಾಧ್ಯಸ್ಥನೆಂದು ಗುರುತಿಸಿಯೇ ಕೊಲ್ಲುತ್ತಾರೆ. ಎರಡನೆಯದು ಕೈಸರನಿಗೆ ತೆರಿಗೆ ಕೊಡಬೇಕೇ ಎಂಬ ಪ್ರಶ್ನೆ. ಯೇಸು ಒಂದು ದಿನಾರಿಯನ್ನು ತರಿಸಿ ಅದರ ಮೇಲಿನ ಮುಖವೂ ಲಿಪಿಯೂ ಯಾರವೆಂದು ಕೇಳುತ್ತಾನೆ. ಸಾಮಾನ್ಯವಾಗಿ ಊಹಿಸುವಂತೆ ಅದು ತಿಬೇರಿಯನ ನಾಣ್ಯವಾಗಿದ್ದ ಪಕ್ಷದಲ್ಲಿ ಅದರ ಲಿಪಿ ಅವನನ್ನು ದೈವತ್ವಕ್ಕೇರಿದ ಅಗಸ್ಟಸನ ಮಗನೆಂದು ಸಾರುತ್ತಿತ್ತು. ಸಾಮ್ಯದ ಮಗನೂ ನಾಣ್ಯದ ಮಗನೂ ಹೀಗೆ ಎದುರುಬದುರಾಗಿರುವುದನ್ನು ಮಾರ್ಕನು ಬೇಕೆಂದೇ ಮಾಡಿದನೋ ಇಲ್ಲವೋ, ರೋಮಿನ ಆಳ್ವಿಕೆಯ ಓದುಗನ ಕಣ್ಣಿಗೆ ಅದು ಬೀಳದೆ ಹೋಗಿರಲಾರದು. ಯೇಸು ಶಿಲುಬೆಯ ಮೇಲೆ ಪ್ರಾಣಬಿಟ್ಟಾಗ ದೇವಾಲಯದ ತೆರೆ ಹರಿಯುತ್ತದೆ. ಆಕಾಶ ಹರಿದಾಗ ಬಳಸಿದ ಗ್ರೀಕ್ ಕ್ರಿಯಾಪದವೇ ಇಲ್ಲಿಯೂ ಬರುತ್ತದೆ. ಆ ಕ್ಷಣದಲ್ಲಿ ಮಾತ್ರ, ಈ ಸುವಾರ್ತೆಯಲ್ಲಿ ಮೊತ್ತಮೊದಲಿಗೆ, ಒಬ್ಬ ಮನುಷ್ಯನ ಬಾಯಿಂದ ದೇವಪುತ್ರನೆಂಬ ಒಪ್ಪಿಗೆ ಹೊರಡುತ್ತದೆ, ಅದೂ ಕೈಸರನ ಸಂಬಳ ತಿನ್ನುವ ಶತಾಧಿಪತಿಯ ಬಾಯಿಂದ. ಗ್ರಂಥದ ಮೊದಲ ವಾಕ್ಯದಲ್ಲಿರುವ ದೇವಪುತ್ರನೆಂಬ ಮಾತು 4ನೆಯ ಶತಮಾನದ ಸಿನಾಯ್ ಹಸ್ತಪ್ರತಿಯ ಮೂಲಲಿಪಿಯಲ್ಲಿ ಇಲ್ಲದೆ ತಿದ್ದುಪಡಿಯಲ್ಲಿ ಸೇರಿದೆ. ಆದರೆ ಕಥೆಯ ನಡೆಗೆ ಅದರಿಂದ ಏನೂ ಕೊರತೆಯಿಲ್ಲ.

ಮತ್ತಾಯನೂ ಲೂಕನೂ ಪವಿತ್ರಾತ್ಮನಿಂದಾದ ಗರ್ಭಧಾರಣೆಯ ವೃತ್ತಾಂತವನ್ನು ಕೊಡುತ್ತಾರಾದರೂ ಅವರ ಪುತ್ರತ್ವದ ವಿಚಾರ ಅಲ್ಲಿಗೇ ನಿಲ್ಲುವುದಿಲ್ಲ. ಅರಣ್ಯದ ಪ್ರಲೋಭನೆಯಲ್ಲಿ ಶೋಧಕನು ದೇವಪುತ್ರನಾಗಿದ್ದರೆ ಕಲ್ಲನ್ನು ರೊಟ್ಟಿಮಾಡೆಂದು ಕೆಣಕಿದಾಗ, ಯೇಸು ಕೊಡುವ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳಿಂದ ಆರಿಸಿದವು. ಇಸ್ರಾಯೇಲ್ ಎಂಬ ಚೊಚ್ಚಲ ಮಗನು ನಾಲ್ವತ್ತು ವರ್ಷ ಮರುಭೂಮಿಯಲ್ಲಿ ಎಡವಿದ ಸ್ಥಳಗಳಲ್ಲಿಯೇ ಈ ಮಗನು ನಾಲ್ವತ್ತು ದಿನಗಳ ಉಪವಾಸದ ತರುವಾಯ ನೆಟ್ಟಗೆ ನಿಲ್ಲುತ್ತಾನೆ. ಲೂಕನ ವಂಶಾವಳಿ ಅಬ್ರಹಾಮನನ್ನೂ ದಾಟಿ ಆದಾಮನವರೆಗೆ ಏರಿ, ಆದಾಮನನ್ನು ದೇವರ ಮಗನೆಂದು ಹೇಳಿ ಮುಗಿಯುತ್ತದೆ.

ಯೋಹಾನನ ಸುವಾರ್ತೆಯಲ್ಲಿ ಗುಟ್ಟೆಂಬುದಿಲ್ಲ. ಮಗನೆಂಬ ಮಾತನ್ನು ಅವನು ಯೇಸುವಿಗೆ ಮೀಸಲಿಟ್ಟು, ವಿಶ್ವಾಸಿಗಳಿಗೆ ಮಕ್ಕಳೆಂಬ ಬೇರೆ ಗ್ರೀಕ್ ಮಾತನ್ನು ಕೊಟ್ಟಿದ್ದಾನೆ. ಆದಾಗ್ಯೂ ಅವನ ಅತ್ಯುನ್ನತವಾದ ಪ್ರತಿಪಾದನೆ ಅತ್ಯಂತ ವಿನೀತವಾದ ರೂಪದಲ್ಲಿ ಬರುತ್ತದೆ: 5ನೆಯ ಅಧ್ಯಾಯದ ಪ್ರಕಾರ ಮಗನು ತನ್ನಷ್ಟಕ್ಕೆ ಏನನ್ನೂ ಮಾಡಲಾರನು, ತಂದೆ ಮಾಡುವುದನ್ನು ಕಂಡು ಅದನ್ನೇ ಮಾಡುತ್ತಾನೆ. ಇದು ತಂದೆಯ ಕಮ್ಮಟದಲ್ಲಿ ಕಸಬು ಕಲಿಯುವ ಹುಡುಗನ ಚಿತ್ರವೆಂದು ಸಿ. ಎಚ್. ಡಾಡ್ ಸೂಚಿಸಿದುದು ಮನೋಜ್ಞವಾಗಿದೆ. ದೇವರಿಗೆ ಸಮಾನನೆಂದು ಹೇಳಿಕೊಂಡನೆಂಬ ಆಪಾದನೆಗೆ 10ನೆಯ ಅಧ್ಯಾಯದಲ್ಲಿ ಯೇಸು ಕೊಡುವ ಉತ್ತರವೂ ಗಮನಾರ್ಹ. 82ನೆಯ ಕೀರ್ತನೆ ದೇವವಾಕ್ಯವನ್ನು ಹೊಂದಿದವರನ್ನೇ ದೇವರುಗಳೆಂದು ಕರೆದಿರುವಾಗ, ತಂದೆ ಪ್ರತಿಷ್ಠಿಸಿ ಕಳುಹಿಸಿದವನು ಮಗನೆಂದರೆ ದೂಷಣೆ ಹೇಗಾದೀತೆಂದು ಅವನು ವಾದಿಸುತ್ತಾನೆ. ದಿವ್ಯಸಭೆಯ ಹಳೆಯ ಕಲ್ಪನೆ ಹೀಗೆ ಅನಿರೀಕ್ಷಿತವಾದ ಎಡೆಯಲ್ಲಿ ಮರಳಿ ಬಂದಿದೆ. ಇಬ್ರಿಯರಿಗೆ ಬರೆದ ಪತ್ರ, ಮಗನನ್ನು ದೇವದೂತರೆಲ್ಲರಿಗಿಂತ ಮೇಲೆ ಕೂರಿಸಿ ಸರ್ವಕ್ಕೂ ಬಾಧ್ಯನೆಂದು ಕೊಂಡಾಡಿದ ಮೇಲೆ, ಅವನು ಮಗನಾಗಿದ್ದರೂ ಬಾಧೆಗಳಿಂದಲೇ ವಿಧೇಯತೆಯನ್ನು ಕಲಿತನೆಂದು ಹೇಳಲು ಹಿಂಜರಿಯುವುದಿಲ್ಲ.

ಒಬ್ಬ ಮಗನಿಂದ ಅನೇಕ ಮಕ್ಕಳ ಕಡೆಗೆ ಹೊರಳುವ ಸಂಧಿಸ್ಥಾನ ಪೌಲನಲ್ಲಿದೆ. ವಿಶ್ವಾಸಿಗಳ ಪುತ್ರತ್ವವನ್ನು ಅವನು ದತ್ತುಸ್ವೀಕಾರವೆಂದು ಕರೆಯುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದಲ್ಲಿಯೇ ಮೂರು ಸಲ ಆ ಮಾತು ಬಂದಿದೆ, ಅವುಗಳಲ್ಲೊಂದು ಇಸ್ರಾಯೇಲ್ಯರ ಹಕ್ಕುಗಳನ್ನು ಎಣಿಸುವ ಸಂದರ್ಭದಲ್ಲಿ. ರೋಮನರಲ್ಲಿ ದತ್ತಕವೆಂಬುದು ನಮ್ಮ ಧರ್ಮಶಾಸ್ತ್ರದ ದತ್ತಕದಂತೆಯೇ ಒಂದು ಮನೆತನದಿಂದ ಇನ್ನೊಂದಕ್ಕೆ ಸಂಪೂರ್ಣವಾಗಿ ದಾಟುವ ಕ್ರಮ; ಆದರೆ ಅಲ್ಲಿ ದತ್ತುಹೋಗುವವನು ಹಲವು ವೇಳೆ ಪ್ರಾಯಸ್ಥನೇ ಆಗಿದ್ದನು, ಮನೆತನದ ಹೆಸರೂ ಸೊತ್ತೂ ನಿಲ್ಲುವುದು ಅದರ ಮುಖ್ಯ ಉದ್ದೇಶವಾಗಿತ್ತು. ಪತ್ರವನ್ನು ಓದಿದ ರೋಮಾಪುರದವರು ಆಗ ನೀರೋವಿನ ಪ್ರಜೆಗಳು. ಆ ನೀರೋ, ಚಕ್ರವರ್ತಿ ಕ್ಲೌದಿಯನು ತನ್ನ ಹೊಟ್ಟೆಯ ಮಗನಿರುವಾಗಲೇ ಕ್ರಿ.ಶ. 50ರಲ್ಲಿ ದತ್ತುಮಾಡಿಕೊಂಡವನಾಗಿ, 54ರಲ್ಲಿ ಪಟ್ಟವೇರಿದವನು. ದತ್ತುಪುತ್ರನೆಂದರೆ ಕೆಳದರ್ಜೆಯ ಮಗನೆಂಬ ಭಾವ ಆ ಊರಿನಲ್ಲಿ ಯಾರಿಗೂ ಹುಟ್ಟುವಂತಿರಲಿಲ್ಲ. ದಾಸನು ದೇವರ ಮನೆಯಲ್ಲಿ ಬಾಧ್ಯಸ್ಥನಾಗುತ್ತಾನೆ, ಕ್ರಿಸ್ತನೊಡನೆ ಸಹಬಾಧ್ಯನಾಗುತ್ತಾನೆ, ಗಲಾತ್ಯದವರಿಗೆ ಬರೆದಂತೆ ಸ್ತ್ರೀಪುರುಷಭೇದವಿಲ್ಲದೆ ಆಗುತ್ತಾನೆ. ಇಷ್ಟಾದರೂ ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯದಲ್ಲಿ ಪೌಲನು ಈ ದತ್ತುಸ್ವೀಕಾರ ಇನ್ನೂ ಪೂರ್ತಿಯಾಗಿಲ್ಲವೆಂದೂ, ದೇಹದ ವಿಮೋಚನೆಯವರೆಗೆ ಸೃಷ್ಟಿಯೆಲ್ಲ ಪ್ರಸವವೇದನೆಯಲ್ಲಿ ನರಳುತ್ತಿದೆಯೆಂದೂ ಹೇಳುತ್ತಾನೆ. ಈ ಮಕ್ಕಳ ಬಾಯಲ್ಲಿ ಅವನು ಇಡುವ ಸಂಬೋಧನೆ, ಗೆತ್ಸೇಮನೆಯಲ್ಲಿ ಯೇಸು ಮೊರೆಯಿಟ್ಟ ಅಬ್ಬಾ ಎಂಬ ಅರಮಾಯಿಕ್ ಮಾತೇ. ಯೋವಾಖಿಮ್ ಯೆರೆಮಿಯಾಸನ ಪ್ರಭಾವದಿಂದ ಅದು ಎಳೆಯ ಮಗುವಿನ ತೊದಲೆಂಬ ಕಲ್ಪನೆ ಉಪದೇಶಕರಲ್ಲಿ ಹಬ್ಬಿತು. ಬೆಳೆದ ಮಕ್ಕಳೂ ಗಂಭೀರವಾಗಿ ಬಳಸುತ್ತಿದ್ದ ಮಾತದೆಂದು 1988ರಲ್ಲಿ ಜೇಮ್ಸ್ ಬಾರ್ ತೋರಿಸಿಕೊಟ್ಟ ಮೇಲೆಯೂ ಆ ಕಲ್ಪನೆ ಪೂರ್ತಿ ಅಳಿದಿಲ್ಲ.

ಧರ್ಮಗ್ರಂಥದ ನಂತರದ ವಾದವಿವಾದಗಳು ಬಹಳವಾಗಿ ಈ ವಚನಗಳ ಹಂಚಿಕೆಯ ಮೇಲಿನ ಜಗಳಗಳೇ. 2ನೆಯ ಶತಮಾನದ ಕೊನೆಯಲ್ಲಿ ರೋಮಾಪುರದಲ್ಲಿದ್ದ ಬೈಜಾಂಟಿಯದ ಚರ್ಮದ ಕಸಬಿನ ಥಿಯೊಡೋಟಸನು ಯೇಸುವನ್ನು ದೇವರು ಕೈಹಿಡಿದ ಮನುಷ್ಯನೆಂದು ಬೋಧಿಸಿ ಬಹಿಷ್ಕೃತನಾದನು. ಒರಿಗೆನನು ಮಗನ ಜನನಕ್ಕೆ ಆದಿಯಿಲ್ಲ, ಬೆಳಕಿನಿಂದ ಪ್ರಭೆಯಂತೆ ಅದು ನಿತ್ಯವಾದುದೆಂದನು. ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸನು, ಜ್ಞಾನೋಕ್ತಿಗಳ 8ನೆಯ ಅಧ್ಯಾಯದ ಗ್ರೀಕ್ ಪಾಠದಲ್ಲಿ ಜ್ಞಾನವು ತನ್ನನ್ನು ಕರ್ತನು ಸೃಷ್ಟಿಸಿದನೆಂದು ಹೇಳುವುದನ್ನು ಹಿಡಿದು, ಮಗನು ಸೃಷ್ಟಿಗಳಲ್ಲಿ ಪ್ರಥಮನೆಂದು ವಾದಿಸಿದನು. ನೀಕೇಯದ ಸಭೆ ಮಗನು ಹುಟ್ಟಿದವನೇ ಹೊರತು ನಿರ್ಮಿತನಲ್ಲವೆಂದೂ, ತಂದೆಯೊಡನೆ ಏಕಸತ್ತ್ವನೆಂದೂ ವಿಧಿಸಿತು. ಏಕಸತ್ತ್ವವೆಂಬ ಆ ಗ್ರೀಕ್ ಪದ ಧರ್ಮಗ್ರಂಥದಲ್ಲಿಲ್ಲವೆಂಬ ಆಕ್ಷೇಪಣೆ ಆಗಲೇ ಎದ್ದಿತ್ತು, ಮತ್ತು ಅದು ನ್ಯಾಯವಾದ ಆಕ್ಷೇಪಣೆಯೇ. ಆದರೆ ಐದು ಸಲ ದೇಶಭ್ರಷ್ಟನಾದ ಅಥನೇಸಿಯಸನ ಪ್ರಧಾನ ವಾದ ಪದದ ಮೇಲೆ ನಿಂತದ್ದಲ್ಲ: ಮಗನೇ ತಂದೆಗೆ ಹೊರಗಿನವನಾಗಿದ್ದರೆ ಅವನ ಮೂಲಕ ಮಕ್ಕಳಾಗುವ ನಮಗೆ ತಂದೆಯ ಮನೆಯಲ್ಲಿ ಎಡೆಯೆಲ್ಲಿ ಎಂದು ಅವನ ತರ್ಕ. ಸ್ಪೇನಿನಲ್ಲಿ ತೊಲೇದೊವಿನ ಎಲಿಪಾಂಡಸನೂ ಉರ್ಗೆಲ್ಲಿನ ಫೆಲಿಕ್ಸನೂ ಮನುಷ್ಯತ್ವದ ದೃಷ್ಟಿಯಿಂದ ಕ್ರಿಸ್ತನನ್ನು ದತ್ತುಪುತ್ರನೆಂದಾಗ 794ರ ಫ್ರಾಂಕ್‌ಫರ್ಟ್ ಸಭೆ ಅದನ್ನು ಖಂಡಿಸಿತು. ದತ್ತು ಹೋಗುವವರು ಮಿಕ್ಕವರು, ಅವನಲ್ಲ ಎಂಬ ಗೆರೆ ಅಲ್ಲಿಗೆ ಖಚಿತವಾಯಿತು.

ಆರಾಧನೆಯಲ್ಲಿ ಈ ಎರಡು ಪುತ್ರತ್ವಗಳೂ ತಮ್ಮ ತಮ್ಮ ಸ್ಥಾನಗಳನ್ನು ಪಡೆದಿವೆ. ಯೆರೂಸಲೇಮಿನ ಅರಸನ ಪಟ್ಟಾಭಿಷೇಕಕ್ಕೆ ಸೇರಿದ 2ನೆಯ ಕೀರ್ತನೆಯ ವಚನ, ಅಪೊಸ್ತಲರ ಕೈಯಲ್ಲಿ ಪುನರುತ್ಥಾನದ್ದಾಗಿ, ರೋಮನ್ ಸಂಪ್ರದಾಯದ ಪೂಜಾಕ್ರಮದಲ್ಲಿ ಕ್ರಿಸ್ಮಸ್ ನಡುರಾತ್ರಿಯ ಪೂಜೆಯ ಪ್ರವೇಶಗೀತೆಯಾಗಿ ನಿಂತಿದೆ. ಇನ್ನೊಂದು ಕಡೆ, ದೇವರನ್ನು ತಂದೆಯೆಂದು ಕರೆಯುವ ಪ್ರಾರ್ಥನೆ ಪ್ರಾಚೀನ ಸಭೆಯಲ್ಲಿ ಎಲ್ಲರ ಬಾಯಿಗೂ ಬಿಟ್ಟದ್ದಾಗಿರಲಿಲ್ಲ. ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದಲ್ಲಿ ಬಿಷಪ್ ಅಗಸ್ಟೀನನು ಈಸ್ಟರಿನ ಸ್ನಾನಸಂಸ್ಕಾರಕ್ಕೆ ಸಿದ್ಧರಾಗುತ್ತಿದ್ದವರಿಗೆ ಮೊದಲು ವಿಶ್ವಾಸಸೂತ್ರವನ್ನು ಒಪ್ಪಿಸಿ, ಅದು ಬಾಯಿಪಾಠವಾದ ಬಳಿಕ ಈ ಪ್ರಾರ್ಥನೆಯನ್ನು ಉಪದೇಶಿಸುತ್ತಿದ್ದನು. ಆ ಸಂದರ್ಭದ ಅವನ ಪ್ರಸಂಗಗಳು ಉಳಿದುಬಂದಿವೆ. ಅವುಗಳಲ್ಲಿ ಅವನು, ಒಡೆಯನೂ ದಾಸನೂ ಒಟ್ಟಿಗೆ ನಿಂತು ಒಬ್ಬನನ್ನೇ ತಂದೆಯೆಂದು ಕರೆದ ಮೇಲೆ ತಾವು ಸೋದರರೆಂಬುದನ್ನು ಒಪ್ಪದೆ ಇರಲಾಗದೆಂದು ಕೇಳುಗರಿಗೆ ತಿಳಿಸುತ್ತಾನೆ.